ಮೂಸಿ ನೋಡಾಕ ಬರದ ಬಾಟ್ಲಿ

ಇಪ್ಪತ್ತಾರು ವರ್ಷ ಆತು, ಮಾಲಿಂಗಪುರದ ಪೇಟ್ಯಾಗ
ಬೆಲ್ಲ ನೋಡೂದ ನನ್ನ ಕೆಲಸ.
ಪೆಂಟಿ ಒಡೀತೀನಿ, ಚೂರು ಮೂಗಿಗೆ ಹಿಡೀತೀನಿ,
ನಾಲಿಗಿ ತುದಿಗೆ ಇಷ್ಟ ಇಟ್ಟು ಹೇಳತೀನಿ:
ಇದಕ್ಕ ಸುಣ್ಣ ಹೆಚ್ಚಾಗೇತಿ, ಇದರ ಕಬ್ಬು ಸವಳು ನೆಲದ್ದು,
ಇದು ಕೊಪ್ಪರಿಗ್ಯಾಗ ಒಂದು ಬೀಡಿ ಸೇದೂವಷ್ಟು ಹೊತ್ತು ಜಾಸ್ತಿ ಕುಂತೈತಿ.
ನನ್ನ ಮಾತಿನ ಮ್ಯಾಲ ಸವಾಲು ಏರತಾವ, ಇಳೀತಾವ.

ಇವತ್ತ ಸಂಜಿಕೆ ರಬಕವಿ ರೋಡಿನ ಹೊಸಾ ಮಾರ್ಟಿನ್ಯಾಗ
ತಂಪು ಗಾಳಿ ಮಷೀನಿನ ಕೆಳಗ ನಿಂತೀನಿ.
ಕೈಯಾಗ ಚೀಟಿ:
ಪಾಸ್ತಾ ಒಂದು ಪಾಕೀಟು. ಅದರ ಸಾಸ್ ಒಂದು. ಖಾರ ಬ್ಯಾಡ.

ನೀಲಗಂಗಾಗ ನಿನ್ನೆ ನಾಕು ಹಲ್ಲು ತಗದಾರ.
ಎಂಟು ದಿನ ರೊಟ್ಟಿ ಮುಟ್ಟಬ್ಯಾಡ್ರಿ ಅಂದ ಡಾಕ್ಟರ,
ಕಟಕ ರೊಟ್ಟಿ ಅಂತೂ ಕನಸಿನ್ಯಾಗೂ.
ಮುಂಜಾನೆ ಗಂಜಿ, ಮಧ್ಯಾಹ್ನ ಗಂಜಿ.
ಬಾಯಾಗಿನ ಹತ್ತಿ ತಗದು ಅಂದ್ಲು:
"ಇನ್ನೊಂದು ವಾಟಿ ಕುಡದ್ರ ನಾ
ನಿಮ್ಮ ಗಂಜಿ ಹಾಕಿದ ಧೋತರ ಆಗತೀನಿ.
ಮ್ಯಾಲಿನ ಮನಿ ಪರ್ವೀನ ಅವತ್ತ ಕೊಟ್ಟಿದ್ಲಲ್ಲ,
ಕೊಳವಿ ಕೊಳವಿ, ಕೆಂಪನ್ನ ರಸದಾಗ, ಅದು ಬೇಕು."

ಕೊಳವಿ ಲಗೂನ ಸಿಕ್ತು.
ರಸದ ಮುಂದ ಬಂದು ನಿಂತ್ರ ಹನ್ನೊಂದು ನಮೂನಿ.
ಎಲ್ಲಾ ಗಾಜಿನ್ಯಾಗ, ಎಲ್ಲಾ ಬಿಗಿ ಮುಚ್ಚಳ.
ಒಡದು ನೋಡಾಂಗಿಲ್ಲ, ಮೂಸಾಂಗಿಲ್ಲ, ನೆಕ್ಕಾಂಗಿಲ್ಲ.
ಪೇಟಿ ದಾಟಿದ ಮ್ಯಾಲ ನನ್ನ ಮೂಗಿಗೆ
ಮೂರು ಕಾಸಿನ ಬೆಲಿ ಇಲ್ಲಂತ ಇವತ್ತ ತಿಳೀತು.

ಒಂದು ಇತ್ತು ಕೆಂಪಗ, ಭಾಳ ಕೆಂಪಗ,
ಮದಿವಿ ಶಾಮಿಯಾನಾದಂಗ.
ಹಳ್ಳಿ ಅಲ್ಲೇ ಇಟ್ಟೆ.
ಬಂಗಾರದಂಗ ಹೊಳಿಯೂ ಬೆಲ್ಲಕ್ಕ ಪುಡಿ ಬಿದ್ದಿರತೈತಿ,
ಖರೇ ಬೆಲ್ಲ ಮಾರಿ ಸಪ್ಪಗ ಮಾಡಕೊಂಡು
ಮೂಲ್ಯಾಗ ಕುಂತಿರತೈತಿ.

ಡಬ್ಬಿ ಹೊಂದಸೂ ಹುಡುಗ ಬಂದ,
"ಏನ ಬೇಕ್ರಿ ಕಾಕಾ?"
ಸಣ್ಣ ಅಕ್ಷರ ಓದಪಾ ಅಂದೆ.
ಓದಿದ, ಸಾಲ್ಯಾಗ ಎದ್ದು ನಿಂತಂಗ:
ನೀರು. ಟೊಮ್ಯಾಟೊ ಪೇಸ್ಟು. ಸಕ್ಕರಿ. ಪಿಷ್ಟ. ಆಮ್ಯಾಲ ಬರೇ ನಂಬರ.
"ಮೊದಲ ಬರದದ್ದು ಹೆಚ್ಚಿಗಿರತೈತ್ರಿ, ಕಡೀಕ ಬರದದ್ದು ಕಮ್ಮಿ."
ಹೌದಾ? ಅಂದ್ರ ತೊಂಬತ್ತೊಂಬತ್ತು ರೂಪಾಯಿ ಕೊಟ್ಟು
ಘಟಪ್ರಭಾ ನೀರು ಹೊತಗೊಂಡ ಹೋಗೂದು.

ಇನ್ನೊಂದು: ಟೊಮ್ಯಾಟೊ. ಎಣ್ಣಿ. ಉಳ್ಳಾಗಡ್ಡಿ. ಬಳ್ಳೊಳ್ಳಿ. ಉಪ್ಪು.
ಯಾವದೋ ಎಲಿ.
ಅಷ್ಟ. ಇನ್ನೇನರ ಉಳದೈತೇನಂತ
ಹುಡುಗ ಬಾಟ್ಲಿ ಸುತ್ತ ತಿರುವಿದ.
ಬೆಲಿ ಮಾತ್ರ ಎರಡುನೂರಾ ನಲವತ್ತು.

ಎರಡನೂ ತಲಿಕೆಳಗ ಮಾಡಿದೆ.
ಪಿಷ್ಟದ್ದು ಅಳ್ಳಾಡಲಿಲ್ಲ,
ಪಂಚಾಯ್ತಿ ಮೆಂಬರನಂಗ ಕುಂತಬಿಡ್ತು.
ಇದು ಹಗೂರಕ ಜಾರ್ತು,
ಗಾಜಿಗೆ ಹಣ್ಣಿನ ಚೂರು, ಒಂದೆರಡು ಬೀಜ ಬಿಟಗೋತ,
ಹದಕ್ಕ ಬಂದ ಪಾಕ ಹುಟ್ಟಿನಿಂದ ಇಳಿಯೂವಂಗ.
ಇದ, ಅಂದೆ.
ಬಿಲ್ಲಿನ ಹುಡುಗಿ ನನ್ನ ಧೋತರ ನೋಡಿದ್ಲು,
ಬಾಟ್ಲಿ ನೋಡಿದ್ಲು, ಮತ್ತ ಧೋತರ ನೋಡಿದ್ಲು.

ಮನ್ಯಾಗ ಮುಚ್ಚಳ ತಿರುವಿದ್ರ ಟಪ್ ಅಂತು.
ಕಡೀಕೂ ವಾಸನಿ.
ಮೂಗು ಇಟ್ಟೆ: ಹುಳಿ. ಒಳ್ಳೆ ಹುಳಿ,
ಆದ್ರ ಹಸೀ ಗಾಯಕ್ಕ ಉರೀತೈತಿ.
ಸಕ್ಕರಿ ಐತಂತ ಆರು ಬಾಟ್ಲಿ ಬಿಟ್ಟು ಬಂದಾಂವ ನಾ,
ಕುದಿಯೂವಾಗ ಆಕಿ ಕಾಣದಂಗ
ಗೋಟಿಯಷ್ಟು ಬೆಲ್ಲ ಹಾಕಿದೆ,
ನಿನ್ನೆ ಸವಾಲಿನ್ಯಾಗ ಯಾರೂ ಕೇಳದ ಕರೇ ಪೆಂಟಿದು.

ನೀಲಗಂಗಾ ಒಂದೊಂದ ಕೊಳವಿ
ಬಾಯಂಗಳಕ್ಕ ಒತ್ತಿ ನುಂಗಿದ್ಲು.
ನಾ ಆಕಿ ಮಾರಿ ನೋಡಕೋತ ಕುಂತೆ,
ಪೆಂಟಿ ಇಳಿಸಿದ ರೈತ ನನ್ನ ಮಾರಿ ನೋಡಿದಂಗ.
ಏನೂ ಅನಲಿಲ್ಲ. ತಾಟು ಮುಂದ ಸರಿಸಿದ್ಲು, ಇನ್ನೊಂದೀಟು.
ಕೈ ತೊಳ್ಯೂವಾಗ ಕೇಳಿದ್ಲು: "ಬೆಲ್ಲ ಯಾರದು?"
ಢವಳೇಶ್ವರದ ಬಾಳಗೌಡನದು, ಅಂದೆ.

ಅರ್ಧ ಬಾಟ್ಲಿ ಉಳದೈತಿ.
ತಗದ ಮ್ಯಾಲ ಮೂರು ದಿನದಾಗ ಮುಗಸ್ರಿ ಅಂತ ಬರದಾರ.
ಹಲ್ಲಿನ ಡಾಕ್ಟರ ಇನ್ನೂ ಏಳು ಅಂತಾನ.