ಹದಿನೇಳು ಪದ

"ಎಷ್ಟು ಪದ ಆಡುತ್ತಾಳೆ?"
ಎರಡು ವರ್ಷದ ತಪಾಸಣೆಯ ಹಾಳೆಯಿಂದ
ತಲೆಯೆತ್ತದೆ ಕೇಳಿದರು ಡಾಕ್ಟರು.
ದಿನವಿಡೀ ಲ್ಯಾಬಿನಲ್ಲಿ ಕಂಡವರ ರಕ್ತದ ಕಣ ಎಣಿಸುವ ನಾನು
ಬೆರಳು ಮಡಿಚುತ್ತ ತೊದಲಿದೆ:
ಅಮ್ಮ. ಬುವ್ವಾ. ಪಾಚಿ.
ಅಲ್ಲಿಗೆ ಮನೆಯ ಮಾತು ಮುಗಿಯಿತು.
ಉಳಿದದ್ದೆಲ್ಲ ನರ್ಸರಿಯದು:
ಯಲ್ಲಾ, ಖಲಾಸ್, ನೋ, ಮೈನ್,
ಬಾಗಿಲ ಸಂದಿಗೆ ಬೆರಳು ಸಿಕ್ಕಿದ ದಿನ ಬಂದ 'ಅಯ್ಯೋ'
(ಶೈಲ ಚೇಚಿಯದೋ ನಮ್ಮದೋ, ಇಬ್ಬರೂ ಹಕ್ಕು ಹೇಳುತ್ತೇವೆ).
ನೀರಿಗೆ ವೆಳ್ಳಂ, ಮೋಯಾ, ವಾಟರ್,
ನೀರು ಎಂಬುದೊಂದು ಬಿಟ್ಟು ಎಲ್ಲ.
"ಒಂದೇ ನೀರನ್ನು ಮೂರು ಸಲ ಎಣಿಸಬಹುದೇ?"
ನಕ್ಕರು. "ಎಣಿಸಿ. ಬಾಯಾರುವುದು ಒಂದೇ ಸಲವೇನಲ್ಲ."
ಹದಿನೇಳಾಯಿತು.

ಅಲ್ ಖುವೈರಿನ ಬೋಳು ಗುಡ್ಡಕ್ಕೆ ಬೆನ್ನು ಕೊಟ್ಟ ಬಿಳಿ ವಿಲ್ಲಾ.
ಎಂಟಕ್ಕೆಲ್ಲ ಅಂಗಳದ ಜಾರುಬಂಡೆ ಮುಟ್ಟಲಾಗದು.
ಎಸಿ ಕೋಣೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ
ನಾಲ್ಕು ಬೊಗಸೆ ಮರಳಿಗೆ ಹನ್ನೊಂದು ಮಕ್ಕಳ ಜಗಳ,
ಹೊರಗೆ ಇಡೀ ದೇಶದ ಮರಳು ಕಾಯುತ್ತಿರುತ್ತದೆ.

ಮೊದಲ ವಾರ ಗಿಲಕಿ ತೋರಿಸಿ, ಕಣ್ತಪ್ಪಿಸಿ ಓಡಿದ್ದೆ.
ಮರಿಲೂ ಗೇಟಿನ ತನಕ ಬಂದು ತಡೆದಳು:
"ಹೇಳಿ ಹೋಗಿ. ಅಳಲಿ.
ಹೇಳದೆ ಹೋದರೆ ದಿನವಿಡೀ ಬಾಗಿಲನ್ನೇ ನೋಡುತ್ತಾಳೆ."
ಹೇಳಿದೆ. ಅತ್ತಳು.
ವೇಲಿನ ಅಂಚು ಬಿಡಿಸಿಕೊಳ್ಳಲು ಇಬ್ಬರು ಬೇಕಾದರು,
ಎಂಟು ತಿಂಗಳ ಮುಷ್ಟಿ ಅದು.
ಹತ್ತು ಗಂಟೆಗೆ ಹಾಲು ಇಳಿದು ಬಿಳಿ ಕೋಟು ನೆನೆಯಿತು,
ಒಂದೇ ಸ್ಯಾಂಪಲನ್ನು ಎರಡು ಸಲ ಎಣಿಸಿದೆ.
ಸಂಜೆಯ ಚೀಟಿ: ಗಂಜಿ ಅರ್ಧ ಬಟ್ಟಲು. ನಿದ್ದೆ ನಲವತ್ತು ನಿಮಿಷ.
ಮನಸ್ಸು: ನಗುವ ಮುಖದ ಸುತ್ತ ಪೆನ್ಸಿಲಿನ ಗೆರೆ.

ರಾಣೆಬೆನ್ನೂರಿನಿಂದ ಅತ್ತೆ:
"ರೊಕ್ಕಾ ಕೊಟ್ಟು ಮಂದಿ ಕೈಯಾಗ ಕೂಸು ಬೆಳಸ್ತೀರೇನ?"
ಏನೆನ್ನಲಿ. ಬಾಡಿಗೆ ಎಂದೆ.
ಮೈಕ್ರೋಸ್ಕೋಪೆಂದರೆ ನನಗೆ ಇಷ್ಟ ಎನ್ನಲಿಲ್ಲ.
ರಾತ್ರಿ ಕೂತು ಓದಿದೆ. ಒಬ್ಬರು
ಇಂಥ ಮಕ್ಕಳಿಗೆ ಮಾತು ಬೇಗ ಎಂದರು,
ಇನ್ನೊಬ್ಬರು ಕಚ್ಚುವುದು ಹೆಚ್ಚು ಎಂದರು.
ಮರುದಿನ ಋಜುತಾ ಕಚ್ಚಿದಳು.
ಯಾರನ್ನೆಂದು ಚೀಟಿ ಹೇಳುವುದಿಲ್ಲ, ಅದು ಅವರ ನಿಯಮ.
ಪಾರ್ಕಿಂಗಿನಲ್ಲಿ ಪುಟ್ಟ ಹಮ್ದಾನನ ತೋಳು ಹೇಳಿತು:
ಮೇಲೆರಡು, ಕೆಳಗೆರಡು,
ಒಂದೊಂದೂ ಹುಟ್ಟಿದ ವಾರ ನನಗೆ ಗೊತ್ತು.
ಅವನ ತಾಯಿ ಒಂದು ಡಬ್ಬಿ ಖರ್ಜೂರ ಕೈಗಿಟ್ಟಳು.
ನಾಚಿಕೆಯಿಂದ ಅದನ್ನು ವಾರವಾದರೂ ತೆರೆಯಲಿಲ್ಲ.

ಒಂದು ಶುಕ್ರವಾರ ಸೋಫಾದಿಂದ ಫ್ರಿಜ್ಜಿನವರೆಗೆ
ಐದು ಹೆಜ್ಜೆ ನಡೆದಳು.
ವೀಡಿಯೊ ಊರೆಲ್ಲ ಸುತ್ತಿತು.
ಭಾನುವಾರ ಮರಿಲೂಗೆ ತೋರಿಸಿದೆ:
"ಮೊದಲ ಹೆಜ್ಜೆ!"
ಚಪ್ಪಾಳೆ ತಟ್ಟಿದಳು,
ಒಂದಿಷ್ಟು ಜೋರಾಗಿ, ಒಂದಿಷ್ಟು ಬೇಗ.
ಅವಳ ಹಿಂದೆ ನನ್ನ ಮಗಳು ಆಗಲೇ
ತನ್ನ ಚೀಲದ ಗೂಟ ಹುಡುಕಿ ಹೊರಟಿದ್ದಳು,
ದಾರಿ ಬಲ್ಲವಳ ಹಾಗೆ.
ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಆ ಸುಳ್ಳಿಗಾಗಿ ಅವಳ ಮೇಲೆ ಹೊಟ್ಟೆಕಿಚ್ಚು, ಅದರ ಮೇಲೆ ಋಣ.

ನಿನ್ನೆ ರಾತ್ರಿಪಾಳಿ ಮುಗಿಸಿ ಬಂದು
ತಲೆ ಸಿಡಿದು ನೆಲದ ಮೇಲೇ ಮಲಗಿದ್ದೆ.
ಬೆನ್ನ ಮೇಲೊಂದು ಸಣ್ಣ ಕೈ.
ಎರಡು ತಟ್ಟು, ಬಿಡುವು. ಮತ್ತೆರಡು ತಟ್ಟು.
ನನ್ನ ತಟ್ಟಲ್ಲ ಅದು. ನಾನು ಒಂದೇ ಸಮ ತಟ್ಟುತ್ತೇನೆ.
"ಓಕೆ ನಾ," ಎಂದಳು, ಮರಿಲೂನ ರಾಗದಲ್ಲಿ, "ಓಕೆ ನಾ."
ಕಣ್ಣು ತೆರೆದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು
ನಿದ್ದೆ ನಟಿಸಿದೆ.
ಎದ್ದು ಹೋಗಿ ತನ್ನ ಬಾಟಲಿ ತಂದು
ನನ್ನ ತುಟಿಗೆ ಒತ್ತಿ ಹಿಡಿದಳು.
"ನೀ."
ನೀರಿನ ಮೊದಲ ಅರ್ಧವೋ,
ನನ್ನನ್ನೇ ಕರೆದಳೋ.
ಡಾಕ್ಟರಿಗೆ ಕೊಟ್ಟ ಲೆಕ್ಕದಲ್ಲಿ ಇದಿಲ್ಲ.
ಬಾಟಲಿ ಖಾಲಿಯಿತ್ತು.
ಕುಡಿದೆ.