ಕಡದ ಪುಸ್ತಕ

ಅಪ್ಪನ ಅಕ್ಷರ ಎಡಕ್ಕ ವಾಲತಿದ್ದವು,
ಹಳ್ಳದ ಗಾಳಿಗೆ ಬಗ್ಗಿದ ಜೋಳದ ಹಂಗ.
ಜಮಖಾನ ಎರಡು. ಕೊಪ್ಪರಿಗಿ ಒಂದು.
ಗ್ಯಾಸಬತ್ತಿ ಒಂದು, ಮ್ಯಾಂಟಲ್ ಇಲ್ಲ.
ಯಾರಿಗೆ, ಯಾತಕ್ಕ, ಯಾವತ್ತು.
ವಾಪಸ್ ಬಂದ ಮ್ಯಾಲ ಒಂದು ಅಡ್ಡಗೆರಿ.

ಲಿಂಗಸೂಗೂರು ರಸ್ತಾದಿಂದ ಮೂರು ಮೈಲಿ ಒಳಗ
ಕೆಳಗಿನ ಓಣಿಯ ತುದಿಗೆ ನಮ್ಮ ಗುಡಿ.
ಕಲ್ಲಿನ ಗೋಡಿ, ಶಾಬಾದ ಪರಸಿ, ಮ್ಯಾಲ ತಗಡು.
ಮಳಿ ಬಂದರ ಪಾದ್ರಿಯ ಪ್ರಸಂಗ ಯಾರಿಗೂ ಕೇಳೂದಿಲ್ಲ,
ಹಂಗಂತ ಯಾರೂ ಏಳೂದಿಲ್ಲ.

ಇಡೀ ಊರಾಗ ಬೆಂಚು ಇದ್ದದ್ದು ಅಲ್ಲೊಂದೇ, ಹನ್ನೊಂದು.
ಪೋಲಿಯೋ ಹನಿ, ರೇಷನ್ ಕಾರ್ಡಿನ ಫೋಟೊ,
ಸಂಘದ ಹೆಂಗಸರ ಹತ್ತು ಹತ್ತು ರೂಪಾಯಿ,
ನಿಶ್ಚಯ, ದಿನಕರ್ಮ, ಪಾಲಿನ ಪಂಚಾಯ್ತಿ,
ಎಲ್ಲಾ ನಮ್ಮ ಬೆಂಚಿನ ಮ್ಯಾಲ ಕುಂತು ಎದ್ದಾವ.

ಮೊದಮೊದಲು ಮೇಲಿನ ಓಣಿಯವರು
ಬಾಗಲದಾಗ ಜಮಖಾನಕ್ಕ ನೀರು ಚಿಮುಕಿಸಿ ಒಯ್ಯತಿದ್ದರು.
ಅಪ್ಪ ನೋಡತಿದ್ದ. ಬರಿಯತಿದ್ದ:
ಜಮಖಾನ ಒಂದು, ಒಣಾದು ಕೊಟ್ಟೀನಿ, ಹಸೀದು ಒಯ್ದಾರ.
ಅವನ ಸಿಟ್ಟು ಅಷ್ಟೇ.
ಆ ನೀರು ಯಾವ ವರ್ಷ ನಿಂತಿತೋ ಪುಸ್ತಕದಾಗ ಇಲ್ಲ.
ನಿಂತದ್ದನ್ನ ಅವ ಬರೀಲಿಲ್ಲ.

ಆಯಿತವಾರ ಮೊಣಕಾಲೂರಿದರ
ಪರರ ಮದುವಿಯ ಅರಿಷಿಣ ನಮ್ಮ ಸೀರಿಗೆ ಹತ್ತತಿತ್ತು.
ಅಲಾಯಿ ಹಬ್ಬಕ್ಕ ಹೋದ ಗ್ಯಾಸಬತ್ತಿ
ಲೋಬಾನದ ವಾಸನಿ ಹೊತ್ತು ಬಂದು
ಕ್ರಿಸ್ಮಸ್ ನಸಿಕಿನ್ಯಾಗ ಉರಿಯತಿತ್ತು.
ಕೊಪ್ಪರಿಗಿ ತಳಕ್ಕ ಯಾರದೋ ಹುಗ್ಗಿ ಸೀದಿರತಿತ್ತು,
ಅವ್ವ ಬೂದಿ ಹಚ್ಚಿ ತಿಕ್ಕುತ್ತ ಅಂತಿದ್ದಳು,
"ಬೆಲ್ಲ ಕಡಿಮಿ ಹಾಕ್ಯಾರ, ಜಿಪುಣರು."

ಆ ವರ್ಷ ಹಸ್ತಾ ಮಳಿ.
ರಾತ್ರಿ ಎರಡಕ್ಕ ಖಾಜಾಬನಿಗೆ ಬ್ಯಾನಿ ಎದ್ದಿತು.
ಹಳ್ಳ ಎದಿಮಟ. ಜೀಪು ನಿಂತದ್ದು ಆಚಿ ದಂಡಿಗೆ.
ಅಪ್ಪ ಗಂಟಿ ಹೊಡದ.
ಸಾವಿಗೆ ಹೊಡಿಯೋ ಹಂಗಲ್ಲ,
ಆರಾಧನೆಗೆ ಹೊಡಿಯೋ ಹಂಗೂ ಅಲ್ಲ,
ಕೈಗೆ ಬಂದಂಗ.
ಲಾಂದ್ರ, ಬ್ಯಾಟ್ರಿ, ಬರಿಮೈ, ಕಂಬಳಿ ಕೊಪ್ಪಿ,
ಮೇಲಿನ ಓಣಿಯ ಶರಭನಗೌಡ ಮುಂದ,
ತಳವಾರ ದುರುಗಪ್ಪ ಹಿಂದ,
ನಡುವ ಅಪ್ಪ, ಅಕಿ ಗಂಡ, ಕತ್ತಲಾಗ ಮಾರಿ ಕಾಣದವರು.
ನಾಲ್ಕನೇ ಬೆಂಚಿನ ಮ್ಯಾಲ ಅಕಿ,
ಅಕಿ ಮ್ಯಾಲ ಗುಡಿಯ ಜಮಖಾನ.
ನಡುಹಳ್ಳದಾಗ ಬಂಡಿಗಲ್ಲಿಗೆ ಬಡದು
ಬೆಂಚಿನ ಕಾಲೊಂದು ಮುರೀತು.
ಬೆಂಚು ವಾಲಲಿಲ್ಲ.
ಆಗ ಕಾಲಾಗಿ ನಿಂತ ಹೆಗಲು ಯಾರದು ಅಂತ
ಇವತ್ತಿಗೂ ಕಟ್ಟಿ ಮ್ಯಾಲ ಜಗಳ ಐತಿ,
ಆರು ಮಂದಿ "ನಂದು" ಅಂತಾರ.

ಹೊಸ ಪಾದ್ರಿ ಬೀದರ ಕಡಿಯವರು, ಅಚ್ಚುಕಟ್ಟು ಮನುಷ್ಯ.
"ಈ ಮೂರು ಕಾಲಿನ ಬೆಂಚು ಒಲಿಗೆ ಹಾಕ್ರಿ" ಅಂದರು.
ಸಭೆ ಕೆಮ್ಮಿತು.
ಮುಂದಿನ ಆಯಿತವಾರ ಬರೂದ್ರಾಗ
ಬೆಂಚಿನ ಕೆಳಗ ಒಂದು ಗುಂಡುಕಲ್ಲು ಬಂದು ಕುಂತಿತ್ತು.
ಅವರು ಮತ್ತ ಕೇಳಲಿಲ್ಲ.

ಈಗ ಸಂಜಿಗೆ ಗುಡಿಯೊಳಗ ಟ್ಯೂಷನ್ ನಡಿತೈತಿ.
ಗಣಿತ ನಾನೇ ಹೇಳತೀನಿ.
ಖಾಜಾಬನಿಯ ಮಗಳು ನಸೀಮಾ, ಹತ್ತನೇತ್ತಾ,
ಬ್ಯಾರೆ ಬೆಂಚು ಖಾಲಿ ಇದ್ದರೂ ಅಲ್ಲೇ ಕೂಡತಾಳ.
ಲೆಕ್ಕ ತಪ್ಪಿದಾಗೆಲ್ಲ,
"ಬೆಂಚು ಸುಮ್ಮನ ಕುಂದರಗೊಡವಲ್ದ್ರಿ ಟೀಚರ್" ಅಂತಾಳ.
ಇನ್ನೊಂದು ಸಲ ಮಾಡು ಅಂತೀನಿ.

ಅಪ್ಪ ಹೋಗಿ ನಾಲ್ಕು ವರ್ಷಾತು.
ಪುಸ್ತಕ ನನ್ನ ಕಡಿ ಐತಿ.
ಆ ರಾತ್ರಿಯ ಪುಟದಾಗ ಮಸಿ ನೀರಿಗೆ ಹರದೈತಿ.
ಬೆಂಚು ಒಂದು, ಬಂತು. ಜಮಖಾನ ಒಂದು, ಬಂತು.
ಎರಡಕ್ಕೂ ಅಡ್ಡಗೆರಿ.
ಕೆಳಗ, ಎಡಕ್ಕ ವಾಲಿದ ಅಕ್ಷರದಾಗ,
ಕಾಲು ಒಂದು. ಹಳ್ಳಕ್ಕ ಕೊಟ್ಟೀನಿ.
ಗೆರಿ ಇಲ್ಲ.