ಒಂದು ಗೇಣು ದನಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದರೆ
ಆಗ ನಮ್ಮ ಟಾಕೀಸು. ಈಗ ಟೈಲ್ಸ್ ಅಂಗಡಿ.
ಪೆಟ್ಟಿಗೆ ಬಂದದ್ದು ಕಣ್ಣೂರಿನಿಂದ, ಮಾಕುಟ್ಟದ ತಿರುವುಗಳಲ್ಲಿ
ಬಸ್ಸಿನ ಟಾಪಿನ ಮೇಲೆ, ನೇಂದ್ರಬಾಳೆ ಗೊನೆಗಳ ನಡುವೆ:
ಏಳು ರೀಲು, ಇಂಗ್ಲಿಷು, ಆಕಾಶದ ಕತೆ.

ಕುಂಞಾಲಿ ಸಾಹುಕಾರರು ಪೋಸ್ಟರ್ ನೋಡಿ
"ಹೊಡೆದಾಟ ಇದೆಯೇನೋ?" ಎಂದರು. ಇರಲಿಲ್ಲ.
ಒಬ್ಬಳೇ ಹೆಂಗಸು, ದಾರಿ ತಪ್ಪಿದ ಹಡಗು,
ಸೂರ್ಯನಿಂದ ದೂರ, ಇನ್ನೂ ದೂರ. ಮಾತು ಕಡಿಮೆ.
ಮಾತಿಲ್ಲದ ಕಡೆಯೆಲ್ಲ ವಾದ್ಯ.

ನನಗೆ ಹೆಸರು ಗೊತ್ತಿದ್ದದ್ದು ಪಿಟೀಲು ಒಂದೇ.
ಅದೂ ಇಲ್ಲಿ ಒಂದಲ್ಲ,
ನಲವತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡ ಹಾಗೆ.
ಅದರಡಿ ಏನೋ ದಪ್ಪನೆಯದು
ಕ್ಯಾಬಿನ್ನಿನ ಸ್ಟೂಲಿನ ಕಾಲು ಹತ್ತಿ
ನನ್ನ ಬೆನ್ನುಮೂಳೆಗೆ ಬರುತ್ತಿತ್ತು.
ಆಮೇಲೆ ಕೊಂಬು.

ಕೊಂಬೇ ಅದು. ಯಾವ ದೇಶದ್ದೋ. ನಾಲ್ಕೇ ಸ್ವರ.
ಹಡಗಿನ ಎಂಜಿನು ನಿಂತಾಗ
ಒಂದೊಂದಾಗಿ ಕತ್ತಲಿಗೆ ಕೈಚಾಚುತ್ತಿದ್ದವು,
ಗೋಡೆ ಇದೆಯಾ ಅಂತ.

ದನಿಯನ್ನು ಕಣ್ಣಲ್ಲಿ ನೋಡಬಹುದು, ಗೊತ್ತಾ?
ಫಿಲ್ಮಿನ ಅಂಚಿಗೆ ಒಂದು ಬಿಳಿ ಗೆರೆ,
ಚಿತ್ರಕ್ಕಿಂತ ಇಪ್ಪತ್ತು ಚೌಕ ಮುಂದೆ ಓಡುತ್ತದೆ.
ಬಲ್ಬಿಗೆ ಹಿಡಿದರೆ ಕೊಂಬಿನ ಜಾಗ ಗರಗಸದ ಹಲ್ಲು,
ಮೌನದ ಜಾಗ ಹೊಲಿಗೆ ದಾರ.

ಮೂರನೇ ದಿನ ಫಸ್ಟ್ ಶೋ, ಐದನೇ ರೀಲು ಹರಿಯಿತು.
ಬೀಡಿ ಎಸೆದು, ಬ್ಲೇಡಿನಲ್ಲಿ ಕತ್ತರಿಸಿ, ಅಂಟು ಹಚ್ಚಿ,
ಊದಿ ಊದಿ ಆರಿಸಿ ಕೂಡಿಸಿದೆ. ಕೆಳಗೆ ಶಿಳ್ಳೆ.
ಹೋದದ್ದು ಒಂದು ಗೇಣು. ಅಂದರೆ ಅರ್ಧ ಸೆಕೆಂಡು,
ಮೂರನೇ ಸ್ವರದ ಹೊಟ್ಟೆಯೊಳಗಿಂದ.
ಅಲ್ಲಿಂದಾಚೆ ಪ್ರತಿ ಆಟದಲ್ಲೂ ಕೊಂಬು
ಮೆಟ್ಟಿಲು ತಪ್ಪಿದವನಂತೆ ಎಡವಿ
ನಾಲ್ಕನೆಯದರ ಮೇಲೆ ಬೀಳುತ್ತಿತ್ತು.

ಜನ ಬರಲಿಲ್ಲ. ಬಂದವನು ಮೇದರ ಚಾತ,
ಹನ್ನೊಂದು ದಿನ, ಬೆಂಚಿನ ಟಿಕೆಟ್ಟು.
ಮದುವೆಗೂ ಸಾವಿಗೂ ಕೊಂಬೂದುವ ಮನೆಯವನು.
ಪರದೆ ನೋಡುತ್ತಲೇ ಇರಲಿಲ್ಲ, ತಲೆ ತಗ್ಗಿಸಿ
ತುಟಿ ಒತ್ತಿಕೊಂಡು ಕೂತಿರುತ್ತಿದ್ದ.
ಕೊನೆಗೆ ಹೆಸರು ಬೀಳುವಾಗ ಉಳಿದವರು ಎದ್ದು ಹೋದರೂ
ಮೆಷೀನು ನಿಲ್ಲಿಸುತ್ತಿರಲಿಲ್ಲ ನಾನು, ಅವನಿಗೋಸ್ಕರ.
ಸುಳ್ಳು, ನನಗೋಸ್ಕರ.
"ಕರೆಂಟು ಬಿಲ್ಲು ನಿನ್ನಪ್ಪ ಕಟ್ಟುತ್ತಾನಾ?"
ಕೆಳಗಿಂದ ಸಾಹುಕಾರರು.

ಆ ವರ್ಷ ಬಿಟ್ಟಂಗಾಲದಲ್ಲಿ ಒಂದು ಸಾವು.
ಎರಡು ಗುಂಡು, ಆಮೇಲೆ ಡೋಲು, ಆಮೇಲೆ ಚಾತ.
ರೂಢಿಯ ಊದು ಮುಗಿದು, ಹೆಣ ಎತ್ತುವ ಮುಂಚೆ,
ಆ ನಾಲ್ಕು ಸ್ವರ.
ಹಿರಿಯರೊಬ್ಬರು ತಿರುಗಿ ನೋಡಿ ಸುಮ್ಮನಾದರು.
ಮೂರನೆಯದರಲ್ಲಿ ಅವನೂ ಎಡವಿದ,
ಸರಿಯಾಗಿ ನನ್ನ ಬ್ಲೇಡಿನ ಜಾಗದಲ್ಲಿ.

ಮೊನ್ನೆ ತಮ್ಮನ ಮಗಳು ಜೆಸಿಂತ
ಫೋನಿನಲ್ಲಿ ಹುಡುಕಿ ಕಿವಿಗೆ ಸಿಕ್ಕಿಸಿದಳು: "ಇದೇನಾ ದೊಡ್ಡಪ್ಪ?"
ಎಲ್ಲ ಇದೆ. ಪಿಟೀಲುಗಳು ಒಂದೊಂದೂ ಬೇರೆ ಬೇರೆ,
ತೊಳೆದು ಮಗುಚಿಟ್ಟ ಲೋಟಗಳ ಹಾಗೆ.
ಮೂರನೇ ಸ್ವರ ಬಂತು, ಉದ್ದಕ್ಕೆ, ನಿರಾಳವಾಗಿ.
ಎಡವಲಿಲ್ಲ.
ಎಡವಿದವನು ನಾನು.

"ಇದಲ್ಲ" ಅಂದೆ. ಹೆಸರು ತೋರಿಸಿದಳು. ಅದೇ.

ಕತ್ತರಿಸಿದ ಗೇಣು ಹಾರ್ಲಿಕ್ಸ್ ಬಾಟಲಿಯಲ್ಲಿದೆ ಇನ್ನೂ,
ಮುದುರಿ, ವಿನೆಗರ್ ವಾಸನೆ ಹೊಡೆಯುತ್ತ.
ಚಾತನ ಮೊಮ್ಮಗ ಈಗ ಊದುತ್ತಾನಂತೆ.
ಅಲ್ಲಿ ಎಡವುತ್ತಾನಾ, ಕೇಳುವ ಆಸೆ.
ಕೇಳಬೇಕೆಂದರೆ ಯಾರಾದರೂ ಸಾಯಬೇಕು.
ನಾನೇ ಸತ್ತರೂ ಪ್ರಯೋಜನವಿಲ್ಲ,
ನಾವು ಇಗರ್ಜಿಯವರು. ಗಂಟೆ ಮಾತ್ರ.